ಚಿಪ್ ಮೊದಲು, ಚುಚ್ಚುಮದ್ದು ಆಮೇಲೆ: ದಾವಣಗೆರೆಯ ನಾಯಿಯೊಂದು ಹಾಯಿದೋಣಿ ಹತ್ತಿದ ಪ್ರಕರಣ

ಜೂನ್ ಮೊದಲ ವಾರದ ಒಂದು ಸಂಜೆ. ಗಂಡ ಹೆಂಡತಿ ಇಬ್ಬರು 3 ವರ್ಷದ ಹೆಣ್ಣು ನಾಯಿಯನ್ನು ನನ್ನ ಕ್ಲಿನಿಕ್‌ಗೆ ಕರೆದುಕೊಂಡು ಬಂದರು. ಮುಧೋಳ ತಳಿ, 22 ಕೆಜಿ ತೂಕ, ಕಣ್ಣು ಚುರುಕು, ಮೈ ಗಟ್ಟಿ. ಏನು ತೊಂದರೆ ಅಂತ ಕೇಳಿದೆ.

"ತೊಂದರೆ ಏನಿಲ್ರಿ ಡಾಕ್ಟ್ರೇ. ಸೆಪ್ಟೆಂಬರ್‌ನಾಗ ಇವಳನ್ನ ಹೊರದೇಶಕ್ಕೆ ಕರ್ಕೊಂಡು ಹೋಗ್ಬೇಕು. ನಮ್ಮದೇ ದೋಣೀಲಿ ಓಡಾಡ್ತೀವಿ. ಒಂದು ಸರ್ಟಿಫಿಕೇಟ್ ಬರ್ಕೊಡ್ರಿ, ಸಾಕು."

ದಾವಣಗೆರೆಯಿಂದ ಸಮುದ್ರ ನೋಡಬೇಕಂದ್ರೆ ಘಟ್ಟ ಇಳಿಯಬೇಕು. ನಮ್ಮ ಕ್ಲಿನಿಕ್‌ಗೆ ಬರುವುದು ಜ್ವರ, ಉಣ್ಣೆ, ಮುರಿದ ಕಾಲು. ದೋಣಿ ಅಂತ ಯಾರೂ ಬಂದಿರಲಿಲ್ಲ. ಆ ಒಂದು ಸರ್ಟಿಫಿಕೇಟಿಗೆ ಕೊನೆಗೆ 10 ತಿಂಗಳು ಹಿಡಿಯಿತು. ಆ 10 ತಿಂಗಳಲ್ಲಿ ಎಲ್ಲಿ ಸರಿ ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನು ಬರೆದಿಟ್ಟರೆ ಮುಂದಿನವರಿಗೆ ದಾರಿ ಸುಲಭವಾಗುತ್ತದೆ ಅನ್ನಿಸಿತು.

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಬಡಾವಣೆ, ದೋಣಿಯ ಹೆಸರು ಇಲ್ಲಿಲ್ಲ. ಗಂಡನನ್ನು ಇಂಜಿನಿಯರ್ ಅಂತಲೂ ಹೆಂಡತಿಯನ್ನು ಟೀಚರ್ ಅಂತಲೂ ಕರೆಯುತ್ತೇನೆ, ಅವರ ಕೆಲಸವೂ ಅದೇ ಆಗಿತ್ತು. ನಾಯಿಗೆ ಚಂದ್ರಿ ಅಂತ ಬೇರೆ ಹೆಸರಿಟ್ಟಿದ್ದೇನೆ. ತಾರೀಖುಗಳನ್ನು ಕೆಲವು ದಿನ ಆಚೀಚೆ ಸರಿಸಿದ್ದೇನೆ. ಆದರೆ ಒಂದು ತಾರೀಖಿಗೂ ಇನ್ನೊಂದಕ್ಕೂ ನಡುವಿನ ಅಂತರ ಇದ್ದ ಹಾಗೇ ಇದೆ. ಇಡೀ ಪ್ರಕರಣ ನಿಂತಿರುವುದೇ ಆ ಅಂತರಗಳ ಮೇಲೆ.

ಯಾವ ದೋಣಿ, ಯಾವ ದಾರಿ

ಇಂಜಿನಿಯರ್ 20 ವರ್ಷ ಸರಕು ಹಡಗುಗಳಲ್ಲಿ ದುಡಿದವರು. ವರ್ಷಕ್ಕೆ ಆರೇಳು ತಿಂಗಳು ಮನೆ ಬಿಟ್ಟು ಇರುತ್ತಿದ್ದರು. ಟೀಚರ್ ಸ್ವಯಂ ನಿವೃತ್ತಿ ಪಡೆದ ಮೇಲೆ ಇಬ್ಬರೂ ಸೇರಿ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ವರ್ಷದಲ್ಲಿ ಕೆಲವು ತಿಂಗಳು ಅದರಲ್ಲೇ ಇರಬೇಕು ಅಂತ ಲೆಕ್ಕ ಹಾಕಿದ್ದರು. ಚಂದ್ರಿಯನ್ನು ಮರಿಯಿದ್ದಾಗಿನಿಂದ ಸಾಕಿದ್ದು ಟೀಚರ್. ಅವಳನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಮನೆಯಲ್ಲಿ ಇಂಜಿನಿಯರ್ ಅವರ ತಾಯಿ, 78 ವರ್ಷದ ಅಜ್ಜಿ, ಇದ್ದರು. ಅಜ್ಜಿಗೆ ಈ ಯೋಜನೆ ಒಂಚೂರೂ ಇಷ್ಟವಿರಲಿಲ್ಲ.

ಆಗಿನ್ನೂ ದೋಣಿ ಕೊಂಡಿರಲಿಲ್ಲ. ಎರಡು ನೋಡಿಟ್ಟಿದ್ದರು. ಒಂದು ಮಲೇಷ್ಯಾದ ಲಂಗ್ಕಾವಿಯಲ್ಲಿ, ಇನ್ನೊಂದು ಗ್ರೀಸ್‌ನ ಪ್ರೆವೆಜಾದಲ್ಲಿ. ಲಂಗ್ಕಾವಿಯದು ಅಗ್ಗ. ಅಲ್ಲಿಂದ ಬಾಲಿ, ಆಮೇಲೆ ಆಸ್ಟ್ರೇಲಿಯಾ ಅಂತ ಇಂಜಿನಿಯರ್ ಕನಸು. ಬೇಡ ಅಂದ್ರೆ ಪಶ್ಚಿಮಕ್ಕೆ ತಿರುಗಿ ಮಾಲ್ಡೀವ್ಸ್ ಮಾರ್ಗವಾಗಿ ಕೊಚ್ಚಿಗೆ ಬರೋದು.

ನಾನು ಎರಡು ದಿನ ಕೂತು ದೇಶ ದೇಶಗಳ ನಿಯಮ ಓದಿದೆ. ಮಾಲ್ಡೀವ್ಸ್ ತನ್ನ ನೆಲಕ್ಕೆ ನಾಯಿಗಳನ್ನು ಬಿಟ್ಟುಕೊಳ್ಳುವುದೇ ಇಲ್ಲ. ಬಾಲಿಯಲ್ಲಿ 2008ರಲ್ಲಿ ರೇಬೀಸ್ ಹಬ್ಬಿದ ಮೇಲೆ ಹೊರಗಿನಿಂದ ನಾಯಿ ತರುವಂತಿಲ್ಲ. ಆಸ್ಟ್ರೇಲಿಯಾ ಒಪ್ಪಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಾಯಿಯನ್ನು ಮೊದಲು ಪಟ್ಟಿಯಲ್ಲಿರುವ ಬೇರೊಂದು ದೇಶಕ್ಕೆ ಒಯ್ದು, ಅಲ್ಲಿಂದ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಖಾಸಗಿ ದೋಣಿಯಲ್ಲಿ ಬಂದ ನಾಯಿ ದೋಣಿಯಲ್ಲೇ ಬಂದಿಯಾಗಿರಬೇಕು, ಕಾಲು ನೆಲಕ್ಕೆ ತಾಗುವ ಹಾಗಿಲ್ಲ. ಗ್ರೀಸ್ ದೋಣಿ ಕೊಂಡರೆ ಮುಂದೊಂದು ದಿನ ಇಂಗ್ಲೆಂಡ್‌ಗೂ ಹೋಗಬಹುದಾ ಅಂತ ಟೀಚರ್ ಕೇಳಿದ್ದರು. ಐರ್ಲೆಂಡ್ ಕಡೆಯಿಂದ ಬರುವುದನ್ನು ಬಿಟ್ಟರೆ ಬ್ರಿಟನ್ ಖಾಸಗಿ ದೋಣಿಯಲ್ಲಿ ನಾಯಿ ತರಲು ಒಪ್ಪುವುದಿಲ್ಲ.

ನಕ್ಷೆಯ ಮೇಲೆ ಒಂದೊಂದೇ ಗೆರೆ ಅಳಿಸಿ ಹೋಯಿತು. ಉಳಿದದ್ದು ಗ್ರೀಸ್. ಐರೋಪ್ಯ ಒಕ್ಕೂಟದ ನಿಯಮ ಕಟ್ಟುನಿಟ್ಟು, ಆದರೆ ಪೂರೈಸಬಹುದಾದದ್ದು. ದುಬಾರಿಯಾದರೂ ಪ್ರೆವೆಜಾದ 36 ಅಡಿಯ ದೋಣಿಯನ್ನೇ ಕೊಂಡರು. ದೋಣಿ ಕೊಳ್ಳುವ ಮೊದಲೇ ಈ ಮಾತು ನಡೆದದ್ದು ಅವರ ಪುಣ್ಯ ಅಂತ ನನಗೆ ಈಗಲೂ ಅನ್ನಿಸುತ್ತದೆ. ಲಂಗ್ಕಾವಿಯದಕ್ಕೆ ಹಣ ಕಟ್ಟಿಬಿಟ್ಟಿದ್ದರೆ ಚಂದ್ರಿಗೆ ದಾರಿಯೇ ಇರುತ್ತಿರಲಿಲ್ಲ.

ಕಾರ್ಡಿನಲ್ಲಿ ಏನಿರಲಿಲ್ಲ

ಚಂದ್ರಿಯ ಲಸಿಕೆ ಕಾರ್ಡ್ ಚೆನ್ನಾಗಿತ್ತು. ಪ್ರತಿ ವರ್ಷ ತಪ್ಪದೆ ರೇಬೀಸ್ ಲಸಿಕೆ. ಕೊನೆಯದು ಅದೇ ವರ್ಷದ ಮಾರ್ಚ್‌ನಲ್ಲಿ. ಮೈಕ್ರೋಚಿಪ್, ಅಂದರೆ ಗುರುತಿಗಾಗಿ ಚರ್ಮದಡಿ ಸೇರಿಸುವ ಸಣ್ಣ ಚಿಪ್, ಮಾತ್ರ ಇರಲಿಲ್ಲ.

ತೊಡಕು ಶುರುವಾದದ್ದು ಇಲ್ಲಿ. ಒಕ್ಕೂಟದ ನಿಯಮದ ಪ್ರಕಾರ ಮೊದಲು ಚಿಪ್ ಇರಬೇಕು, ಆಮೇಲೆ ಲಸಿಕೆ. ಒಂದೇ ದಿನ ಮಾಡಿದರೂ ಚಿಪ್ ಹಾಕಿ, ಸ್ಕ್ಯಾನರ್‌ನಿಂದ ಓದಿ, ನಂತರ ಚುಚ್ಚಬೇಕು. ಚಿಪ್ ಇಲ್ಲದಾಗ ಕೊಟ್ಟ ಲಸಿಕೆ ಇದೇ ನಾಯಿಗೆ ಕೊಟ್ಟದ್ದು ಅನ್ನೋದಕ್ಕೆ ಆಧಾರ ಇಲ್ಲ, ಅಲ್ವಾ? ಹಾಗಾಗಿ ಮೂರು ವರ್ಷದ ಲಸಿಕೆಗಳೂ ಕಾಗದದ ಮಟ್ಟಿಗೆ ಲೆಕ್ಕಕ್ಕಿಲ್ಲ. ಚಂದ್ರಿ ಇವತ್ತು ಮೊದಲ ಸಲ ಲಸಿಕೆ ಹಾಕಿಸಿಕೊಂಡ ನಾಯಿ.

ಅಲ್ಲಿಂದ ಲೆಕ್ಕ ಹೀಗೆ ಸಾಗುತ್ತದೆ. ಲಸಿಕೆ ಆದ ಮೇಲೆ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು. ಒಕ್ಕೂಟ ಒಪ್ಪಿದ ಲ್ಯಾಬ್‌ನಲ್ಲಿ ಅದರ ಟೈಟರ್ ನೋಡಬೇಕು, ಅಂದರೆ ರೇಬೀಸ್ ವಿರುದ್ಧದ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಅಂತ. ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ರೇಬೀಸ್ ವಿಷಯದಲ್ಲಿ ಒಕ್ಕೂಟ ಒಪ್ಪಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲದ ಕಾರಣ ಈ ಕಾಯುವಿಕೆ ತಪ್ಪುವುದಿಲ್ಲ.

"ಟೈಟರ್ ಪಾಸಾದ್ಮೇಲೆ ಮತ್ಯಾಕ್ರಿ ಮೂರು ತಿಂಗಳು?" ಅಂತ ಟೀಚರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಲಸಿಕೆ ಕೆಲಸ ಮಾಡಿದೆ ಅಂತ ಟೈಟರ್ ಹೇಳುತ್ತದೆ. ಆದರೆ ಲಸಿಕೆಗೂ ಮುಂಚೆಯೇ ಎಲ್ಲೋ ಕಚ್ಚಿಸಿಕೊಂಡು ಸೋಂಕು ಒಳಗೆ ಅಡಗಿದ್ದರೆ ಅದನ್ನು ಹೇಳುವುದಿಲ್ಲ. ರೇಬೀಸ್ ವೈರಸ್ ನರಗಳ ದಾರಿಯಲ್ಲಿ ನಿಧಾನವಾಗಿ ಮಿದುಳಿಗೆ ಏರುತ್ತದೆ. ಹಾಗೆ ಅಡಗಿದ್ದರೆ ಬಹುಪಾಲು ಈ 3 ತಿಂಗಳಲ್ಲಿ ಹೊರಗೆ ಬರುತ್ತದೆ. ಆ ಕಾಯುವಿಕೆ ನಾಯಿಗಿಂತ ಹೆಚ್ಚಾಗಿ ಅದು ಹೋಗಿ ಇಳಿಯುವ ಊರಿನ ಮಕ್ಕಳಿಗಾಗಿ.

ಜೂನ್ 10ಕ್ಕೆ ಚಿಪ್ ಹಾಕಿ, ಓದಿ, ಲಸಿಕೆ ಕೊಟ್ಟೆ. ಜುಲೈ 10ಕ್ಕಿಂತ ಮೊದಲು ರಕ್ತ ತೆಗೆಯುವ ಹಾಗಿಲ್ಲ. ಆ ಮೇಲೆ 3 ತಿಂಗಳು ಅಂದರೆ ಅಕ್ಟೋಬರ್ ಮಧ್ಯ. ಗ್ರೀಸ್‌ನ ಆ ಭಾಗದಲ್ಲಿ ಅಕ್ಟೋಬರ್‌ಗೆ ಹಾಯಿಯ ಕಾಲ ಮುಗಿಯುತ್ತದೆ, ಗಾಳಿ ಕೆಡುತ್ತದೆ, ದೋಣಿಗಳನ್ನು ನೀರಿನಿಂದ ಎತ್ತಿ ಯಾರ್ಡ್‌ನಲ್ಲಿ ನಿಲ್ಲಿಸುತ್ತಾರೆ. ಸೆಪ್ಟೆಂಬರ್ ಯೋಜನೆ ಅಲ್ಲಿಗೇ ಮುಗಿಯಿತು.

"ಬರೀ ಒಂದು ತಾರೀಖು"

ಮೂರು ದಿನ ಬಿಟ್ಟು ಇಂಜಿನಿಯರ್ ಅವರ ತಮ್ಮ ಒಬ್ಬರೇ ಬಂದರು. ವ್ಯವಹಾರಸ್ಥರು, ಮಾತು ಮೃದು. ಕ್ಲಿನಿಕ್ ಖಾಲಿಯಾಗುವವರೆಗೂ ಕೂತಿದ್ದರು.

"ಡಾಕ್ಟ್ರೇ, ಮಾರ್ಚ್‌ನಾಗ ಲಸಿಕೆ ಆಗಿದ್ದು ನಿಜ ತಾನೇ? ಚಿಪ್ ಅದಕ್ಕೂ ಒಂದಿನ ಮೊದ್ಲೇ ಹಾಕಿದ್ದು ಅಂತ ಬರ್ಕೊಡ್ರಿ. ಬರೀ ಒಂದು ತಾರೀಖು. ಇವತ್ತೇ ರಕ್ತ ತೆಗೆದ್ರೆ ಸೆಪ್ಟೆಂಬರ್‌ಗೆ ಸರಿಹೋಗುತ್ತೆ. ನಾಯಿ ಆರೋಗ್ಯವಾಗಿದೆ, ಯಾರಿಗೂ ಮೋಸ ಇಲ್ಲ."

ಅವರ ಲೆಕ್ಕ ಸರಿಯಾಗೇ ಇತ್ತು. ಒಂದು ತಾರೀಖು ತಿದ್ದಿದ್ದರೆ ಪೂರ್ತಿ ಒಂದು ತಿಂಗಳು ಉಳಿಯುತ್ತಿತ್ತು. ನಾಯಿ ಆರೋಗ್ಯವಾಗಿತ್ತು ಅನ್ನೋದೂ ನಿಜ. ನಾನು ಆಗಲ್ಲ ಅಂದೆ. ಕಾರಣವನ್ನೂ ಹೇಳಿದೆ. ಚಿಪ್‌ಗೆ 15 ಅಂಕಿಯ ಸಂಖ್ಯೆ ಇರುತ್ತದೆ, ಅದು ಯಾವಾಗ ನನ್ನ ಕೈಗೆ ಬಂತು ಅನ್ನೋದಕ್ಕೆ ಬಿಲ್ ಇದೆ. ಯಾರಾದರೂ ಕೆದಕಿದರೆ ಹೊರದೇಶದಲ್ಲಿ ಸಿಕ್ಕಿಬೀಳುವುದು ಚಂದ್ರಿ. ವಾಪಸ್ ಕಳಿಸಬಹುದು, ಕ್ವಾರಂಟೈನ್‌ಗೆ ಹಾಕಬಹುದು, ಬೇರೆ ದಾರಿಯೇ ಇಲ್ಲದಿದ್ದರೆ ಕೊಲ್ಲಲೂ ನಿಯಮದಲ್ಲಿ ಅವಕಾಶ ಇದೆ.

ಇನ್ನೊಂದು ಕಾರಣವನ್ನು ಆಗ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಜಗತ್ತಿನಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ನಮ್ಮ ದೇಶದವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಮಕ್ಕಳು ಜಾಸ್ತಿ. ಪಶುವೈದ್ಯನ ಸಹಿಗೆ ಬೆಲೆ ಇರುವುದು ಅದರ ಹಿಂದಿನ ತಾರೀಖು ನಿಜವಾಗಿದ್ದಾಗ ಮಾತ್ರ. ನಾನು ಒಂದು ಒಳ್ಳೆಯ ನಾಯಿಗೆ ಸುಳ್ಳು ಬರೆದರೆ, ನಾಳೆ ನನ್ನ ಸಹಿ ನೋಡಿದ ಯಾರೂ ಒಳ್ಳೆಯ ನಾಯಿ ಯಾವುದು ಅಂತ ತಿಳಿಯಲಾರರು.

ಅವರು ಬೇಜಾರಿನಿಂದಲೇ ಎದ್ದು ಹೋದರು. ಮರುದಿನ ಟೀಚರ್ ಫೋನ್ ಮಾಡಿದರು. ಮೈದುನ ಬಂದದ್ದು ಅವರಿಗೆ ಗೊತ್ತಿತ್ತು. "ನಿಯಮ ನಿಯಮ ಅಂತ ಹಿಡ್ಕೊಂಡ್ರೆ ಹೆಂಗ್ರಿ? ನೀವು ನಮ್ಮ ಕಡೆ ಇದೀರಿ ಅಂದ್ಕೊಂಡಿದ್ದೆ" ಅಂದರು. ಧ್ವನಿಯಲ್ಲಿ ನೋವಿತ್ತು. ನಾನು ಚಂದ್ರಿ ಕಡೆ ಇದೀನಿ ಟೀಚರ್ ಅಂದೆ. ಆ ಕಡೆಯಿಂದ ಫೋನ್ ಇಟ್ಟರು. ಮುಂದೆ ಗ್ರೀಸ್‌ನ ಕಾರ್ಫು ದ್ವೀಪದಲ್ಲಿ ನಡೆದದ್ದಕ್ಕೂ ಈ ಫೋನ್‌ಗೂ ಸಂಬಂಧ ಇದೆ, ಅದಕ್ಕೇ ಇಷ್ಟು ವಿವರವಾಗಿ ಬರೆದೆ.

ಜುಲೈನಲ್ಲೂ ಸಣ್ಣದೊಂದು ಒತ್ತಡ ಬಂತು. 7ನೇ ತಾರೀಖು ಅವರ ಕಾರು ಬೆಂಗಳೂರಿಗೆ ಹೊರಟಿತ್ತು, ಅವತ್ತೇ ರಕ್ತ ತೆಗೆದು ಕೊಟ್ಟುಬಿಡಿ ಅಂದರು. ಲಸಿಕೆಯಾಗಿ 27 ದಿನ. ಬೇಡ ಅಂದೆ. 13ಕ್ಕೆ ತೆಗೆದೆವು. ರಕ್ತದಿಂದ ಸೀರಮ್ ಬೇರ್ಪಡಿಸಿ, ಐಸ್ ಪ್ಯಾಕ್ ಇಟ್ಟು ಕಳಿಸಿದೆವು. ಆಗಸ್ಟ್‌ನಲ್ಲಿ ಫಲಿತಾಂಶ ಬಂತು: 2.1. ಅವಸರ ಮಾಡಿ 7ಕ್ಕೇ ತೆಗೆದಿದ್ದರೆ ಇದೇ 2.1 ಕಸದ ಬುಟ್ಟಿಗೆ ಹೋಗುತ್ತಿತ್ತು.

ಪ್ರಯಾಣ ಏಪ್ರಿಲ್‌ಗೆ ಹೋಯಿತು. ಇಂಜಿನಿಯರ್ ಮತ್ತೊಂದು ಹಡಗಿಗೆ ಐದು ತಿಂಗಳ ಕೆಲಸಕ್ಕೆ ಹೋದರು.

ಸೂಳೆಕೆರೆಯ ತೆಪ್ಪ

ಕಾಯುವ ತಿಂಗಳುಗಳು ದಂಡ ಅಂದುಕೊಂಡಿದ್ದೆವು. ಆದರೆ ಚಂದ್ರಿ ದೋಣಿಗೆ ಒಗ್ಗಿದ್ದು ಆ ತಿಂಗಳುಗಳಿಂದಲೇ.

ದೋಣಿಯಲ್ಲಿ ನಾಯಿಗೆ ಎಲ್ಲಕ್ಕಿಂತ ಕಷ್ಟದ ವಿಷಯ ಮಲಮೂತ್ರ. ಮನೆಯೊಳಗೆ ಮಾಡಬಾರದು ಅಂತ ಕಲಿತ ನಾಯಿಗೆ ದೋಣಿಯೂ ಮನೆಯೇ. ಗಂಟೆಗಟ್ಟಲೆ ತಡೆದುಕೊಂಡು ಒದ್ದಾಡುತ್ತದೆ, ಮೂತ್ರಕೋಶಕ್ಕೆ ತೊಂದರೆಯಾಗುತ್ತದೆ. ಅದಕ್ಕೆ ಟೀಚರ್ ಒಂದು ತೆಂಗಿನ ನಾರಿನ ಮ್ಯಾಟ್ ತಂದರು. ಬೆಳಿಗ್ಗೆ ಹಿತ್ತಲಿಗೆ ಹೋದಾಗ ಚಂದ್ರಿ ಕೂರುವ ಜಾಗದಲ್ಲೇ ಅದನ್ನು ಹಾಸಿದರು. ವಾಸನೆ ಹಿಡಿದ ಮೇಲೆ ಮ್ಯಾಟನ್ನು ದಿನಕ್ಕೊಂದು ಗೇಣು ಸರಿಸುತ್ತಾ ಕಟ್ಟೆಗೆ, ಮೆಟ್ಟಿಲಿಗೆ, ಕೊನೆಗೆ ಮಾಳಿಗೆಗೆ ತಂದರು. ಪೂರ್ತಿ ಏಳು ವಾರ ಹಿಡಿಯಿತು. ಜೊತೆಗೆ ಒಂದು ಮಾತು ಕಲಿಸಿದರು: "ಹೋಗ್ಬಾ." ಆ ಮಾತು ಕೇಳಿದರೆ ಮ್ಯಾಟ್ ಎಲ್ಲಿದ್ದರೂ ಚಂದ್ರಿ ಅಲ್ಲಿಗೆ.

ನೀರಿನ ಅಭ್ಯಾಸಕ್ಕೆ ಸೂಳೆಕೆರೆ ಸಿಕ್ಕಿತು. ಚನ್ನಗಿರಿ ಕಡೆಯ ಆ ದೊಡ್ಡ ಕೆರೆಗೆ ಶಾಂತಿಸಾಗರ ಅಂತ ಹೆಸರಿದ್ದರೂ ನಮಗೆಲ್ಲ ಅದು ಸೂಳೆಕೆರೆಯೇ. ಪರಿಚಯದ ಮೀನುಗಾರರೊಬ್ಬರ ತೆಪ್ಪ ಇತ್ತು. ಮೊದಲ ಸಲ ನಾವು ಮಾಡಿದ್ದು ತಪ್ಪು. ಚಂದ್ರಿಯನ್ನು ಎತ್ತಿ ನೇರವಾಗಿ ತೆಪ್ಪಕ್ಕೆ ಇಳಿಸಿಬಿಟ್ಟೆವು. ತೆಪ್ಪ ಗಿರ್ರನೆ ತಿರುಗಿತು, ಅವಳು ಹಾರಿದಳು. ಲೈಫ್ ಜಾಕೆಟ್ ಹಾಕಿದ್ದರಿಂದ ಮುಳುಗಲಿಲ್ಲ. ಆದರೆ ಎರಡು ವಾರ ನೀರಿನ ಹತ್ತಿರಕ್ಕೇ ಬರಲಿಲ್ಲ. ಆಮೇಲೆ ತೆಪ್ಪವನ್ನು ದಡದ ಮೇಲೆ ಇಟ್ಟು, ಅದರೊಳಗೇ ಊಟ ಹಾಕಿದೆವು. ಅಲ್ಲೇ ಮಲಗಲು ಬಿಟ್ಟೆವು. ಮೂರನೇ ಭಾನುವಾರ ಮೊಣಕಾಲುದ್ದ ನೀರಿಗೆ. ನವೆಂಬರ್ ಹೊತ್ತಿಗೆ ತೆಪ್ಪದ ನಡುವೆ ಕೂತು ಕೊಕ್ಕರೆ ನೋಡುವಷ್ಟು ಧೈರ್ಯ ಬಂತು.

ಮುಧೋಳ ನಾಯಿಯ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಇವು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಓಡುವ, ಹಾರುವ ಏನನ್ನಾದರೂ ಕಂಡರೆ ಕಿವಿ ಕೇಳಿಸುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆ, ಎದೆ ಆಳ, ಹಾಗಾಗಿ ನೀರಿನಲ್ಲಿ ಸುಲಭವಾಗಿ ತೇಲುವುದಿಲ್ಲ. ತೆಳ್ಳಗಿನ ಚರ್ಮ, ಚಳಿಯೂ ಬೇಗ, ಬಿಸಿಲೂ ಬೇಗ. ಬೆನ್ನ ಮೇಲೆ ಗಟ್ಟಿ ಹಿಡಿಕೆ ಇರುವ ಲೈಫ್ ಜಾಕೆಟ್, ದೋಣಿಯ ಸುತ್ತ ಕಂಬಿಗಳಿಗೆ ಬಲೆ, ಇವೆರಡೂ ಇಲ್ಲದೆ ಲಂಗರು ಎತ್ತಬೇಡಿ ಅಂತ ನಾನು ಬರೆದೇ ಕೊಟ್ಟಿದ್ದೆ.

ಜನವರಿಯಲ್ಲಿ ಹೊನ್ನಾವರಕ್ಕೆ ಹೋಗಿ ಶರಾವತಿಯ ಅಳಿವೆಯಲ್ಲಿ ಒಂದು ದಿನ ಯಂತ್ರದ ದೋಣಿಯಲ್ಲಿ ಸುತ್ತಿದರು. ಚಂದ್ರಿ ಎರಡು ಸಲ ವಾಂತಿ ಮಾಡಿಕೊಂಡಳು. ಸಮುದ್ರದ ಅಲೆಗೆ ಅವಳ ಹೊಟ್ಟೆ ಹೇಗೆ ಅನ್ನೋದು ಗ್ರೀಸ್‌ಗೆ ಹೋಗುವ ಮೊದಲೇ ಗೊತ್ತಾಯಿತು. ಪ್ರಯಾಣದ ವಾಂತಿ ತಡೆಯುವ ಮಾರೊಪಿಟಂಟ್ ಮಾತ್ರೆಯನ್ನು ಅವಳ ತೂಕಕ್ಕೆ ಲೆಕ್ಕ ಹಾಕಿ ಕೊಟ್ಟೆ.

ಊಟದ ವಿಷಯದಲ್ಲಿ ಅಜ್ಜಿ ಜೊತೆ ಮಾತಾಡಬೇಕಾಯಿತು. ಚಂದ್ರಿ ಬೆಳೆದದ್ದು ಜೋಳದ ರೊಟ್ಟಿ, ಹಾಲು, ಅಜ್ಜಿ ಕಾಸಿದ ತುಪ್ಪದ ಮೇಲೆ. ಅಜ್ಜಿ ಒಂದು ಡಬ್ಬಿ ತುಪ್ಪ ಕಟ್ಟಿಟ್ಟಿದ್ದರು. ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸವಾಗಲಿ ಹಾಲಿನ ಪದಾರ್ಥವಾಗಲಿ ಒಕ್ಕೂಟದೊಳಗೆ ತರುವಂತಿಲ್ಲ. "ತುಪ್ಪಕ್ಕೂ ಬ್ಯಾಡ ಅಂತಾರಾ? ಎಂಥಾ ದೇಶಪ್ಪಾ ಅದು" ಅಂದರು ಅಜ್ಜಿ. ಡಬ್ಬಿ ಬಿಚ್ಚಿಸುವುದು ನನಗೂ ಕಷ್ಟವಾಯಿತು. ಫೆಬ್ರವರಿಯಿಂದಲೇ ನಿಧಾನವಾಗಿ ಅಲ್ಲಿ ಸಿಗುವಂಥ ಒಣ ಆಹಾರಕ್ಕೆ ಬದಲಿಸಿದೆವು.

ನನ್ನ ತಪ್ಪು

ಲಸಿಕೆಯ ಅವಧಿ ಜೂನ್ 9ಕ್ಕೆ ಮುಗಿಯುತ್ತಿತ್ತು, ಅಂದರೆ ದೋಣಿಯಲ್ಲಿರುವಾಗ. ಬೂಸ್ಟರ್ ಒಂದು ದಿನ ತಡವಾದರೂ ಟೈಟರ್ ಬಿದ್ದುಹೋಗುತ್ತದೆ. ಮತ್ತೆ ಲಸಿಕೆ, ಮತ್ತೆ 30 ದಿನ, ಮತ್ತೆ ರಕ್ತ, ಮತ್ತೆ 3 ತಿಂಗಳು. ಅವಧಿಯೊಳಗೇ ಬೂಸ್ಟರ್ ಕೊಡುತ್ತಾ ಹೋದರೆ ಒಂದೇ ಟೈಟರ್ ನಾಯಿಯ ಜೀವಮಾನಕ್ಕೆ ಸಾಕು. ಅದಕ್ಕೆ ಮಾರ್ಚ್ 6ಕ್ಕೇ ಬೂಸ್ಟರ್ ಕೊಟ್ಟೆ. ಈ ನಿರ್ಧಾರ ಸರಿಯಾಗಿತ್ತು.

ಆದರೆ ಆ ದಿನ ಸರ್ಟಿಫಿಕೇಟ್ ಬರೆಯುವಾಗ ಚಿಪ್ ಸಂಖ್ಯೆಯ 15 ಅಂಕಿಗಳಲ್ಲಿ ಎರಡನ್ನು ಹಿಂದೆ ಮುಂದೆ ಬರೆದೆ. ಕೈಯಲ್ಲಿ ಬರೆದದ್ದು. ಹೊರಗೆ ಎಂಟು ಜನ ಕಾಯುತ್ತಿದ್ದರು, ಮರುಓದಲಿಲ್ಲ.

ಏಪ್ರಿಲ್ 12ಕ್ಕೆ ಟೀಚರ್ ಚಂದ್ರಿಯನ್ನು ಕರೆದುಕೊಂಡು ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಹೋದರು. ಒಕ್ಕೂಟದ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯರ ಸಹಿ ಬೇಕು. ಸಹಿಯಾದ 10 ದಿನದೊಳಗೆ ಒಕ್ಕೂಟದ ಪ್ರವೇಶ ಸ್ಥಳದಲ್ಲಿ ತಪಾಸಣೆಗೆ ಹಾಜರಾಗಬೇಕು, ಸಮುದ್ರದಲ್ಲಿ ಹೋದರೆ ಮಾತ್ರ ಯಾನದ ದಿನಗಳನ್ನು ಸೇರಿಸುತ್ತಾರೆ. ಹಾಗಾಗಿ ಬಹಳ ಮೊದಲೂ ಮಾಡಿಸಲಾಗದು. ವಿಮಾನ 14ಕ್ಕೆ. ಬೆಂಗಳೂರು ಕಚೇರಿಯ ಅಧಿಕಾರಿ ಸ್ಕ್ಯಾನರ್ ಹಿಡಿದು ಒಂದೊಂದೇ ಅಂಕಿ ಓದಿದರು. ಲ್ಯಾಬ್ ವರದಿ ಸರಿ, ನನ್ನ ಬೂಸ್ಟರ್ ಸರ್ಟಿಫಿಕೇಟ್ ತಪ್ಪು. ಅವರು ನಿಲ್ಲಿಸಿದರು. ನಿಲ್ಲಿಸಿದ್ದು ಸರಿ. ಇದು ಅಥೆನ್ಸ್‌ನಲ್ಲಿ ಗೊತ್ತಾಗಿದ್ದರೆ ದೇವರೇ ಗತಿ.

ಟೀಚರ್ ಫೋನ್ ಮಾಡಿದಾಗ ನನ್ನ ಕೈ ತಣ್ಣಗಾಯಿತು. ರಿಜಿಸ್ಟರ್‌ನಲ್ಲಿ ಸರಿಯಾದ ಸಂಖ್ಯೆ ಇತ್ತು. ಹೊಸ ಸರ್ಟಿಫಿಕೇಟ್, ರಿಜಿಸ್ಟರ್ ಪುಟದ ನಕಲು, ಏನಾಯಿತು ಅಂತ ವಿವರಿಸುವ ಸಹಿ ಮಾಡಿದ ಪತ್ರ, ಮೂರನ್ನೂ ಹಿಡಿದು ಆ ರಾತ್ರಿಯೇ ಹೊರಟೆ. ಸುಮಾರು 260 ಕಿಲೋಮೀಟರ್. ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. 13ರ ಮಧ್ಯಾಹ್ನ ಸಹಿ ಸಿಕ್ಕಿತು.

ಲ್ಯಾಬ್ ವರದಿ ಹೇಗೆ ಸರಿಯಿತ್ತು? ಜುಲೈನಲ್ಲಿ ಸೀರಮ್ ಕಳಿಸುವಾಗ ಚಿಪ್ ಜೊತೆ ಬರುವ ಬಾರ್‌ಕೋಡ್ ಸ್ಟಿಕ್ಕರನ್ನು ಅರ್ಜಿಗೆ ಅಂಟಿಸಿದ್ದೆ. ಅಲ್ಲಿ ಕೈಬರಹ ಇರಲಿಲ್ಲ. ಈಗ ನನ್ನ ಕ್ಲಿನಿಕ್‌ನಲ್ಲಿ ಚಿಪ್ ಸಂಖ್ಯೆಯನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ಸ್ಟಿಕ್ಕರ್ ಅಂಟಿಸುತ್ತೇವೆ. ಒಬ್ಬರು ಸ್ಕ್ಯಾನರ್ ನೋಡಿ ಜೋರಾಗಿ ಓದುತ್ತಾರೆ, ಇನ್ನೊಬ್ಬರು ಕಾಗದದ ಮೇಲೆ ಬೆರಳಿಡುತ್ತಾರೆ.

ನೀರಿನ ಮೇಲೆ

ಇಂಜಿನಿಯರ್ ದೋಣಿ ಸಿದ್ಧ ಮಾಡಲು ಮಾರ್ಚ್ 15ಕ್ಕೇ ಗ್ರೀಸ್ ತಲುಪಿದ್ದರು. ಟೀಚರ್ ಮತ್ತು ಚಂದ್ರಿ ಒಂದೇ ವಿಮಾನದಲ್ಲಿ ಹೋಗಿ ಏಪ್ರಿಲ್ 15ಕ್ಕೆ ಅಥೆನ್ಸ್‌ನಲ್ಲಿ ಇಳಿದರು. ಹೊರಗಿನ ದೇಶದಿಂದ ಬರುವ ನಾಯಿ ಪಟ್ಟಿಯಲ್ಲಿರುವ ಪ್ರವೇಶ ಸ್ಥಳದಲ್ಲೇ ಬರಬೇಕು. ಸಿಕ್ಕ ಸಿಕ್ಕ ಸಣ್ಣ ಬಂದರಿಗೆ ದೋಣಿ ಕಟ್ಟಿ ಇಳಿಸುವ ಹಾಗಿಲ್ಲ. ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ಚಿಪ್ ಓದಿದರು, ಕಾಗದ ನೋಡಿದರು, ಬಿಟ್ಟರು. ಹತ್ತು ತಿಂಗಳ ಕೆಲಸಕ್ಕೆ ಹತ್ತೇ ನಿಮಿಷ ಅಂತ ಟೀಚರ್ ಸಂದೇಶ ಕಳಿಸಿದರು.

ಮೊದಲ ವಾರ ಮ್ಯಾಟ್ ಕೆಲಸ ಮಾಡಿತು. ಕಡಿದಾದ ಏಣಿ ಇಳಿಯಲು ಚಂದ್ರಿಗೆ ಬರಲಿಲ್ಲ, ಎತ್ತಿಯೇ ಇಳಿಸಬೇಕಾಯಿತು. ಫೈಬರ್ ನೆಲದಲ್ಲಿ ಉಗುರು ಜಾರುತ್ತಿತ್ತು, ಹಳೆಯ ಜಮಖಾನೆ ತುಂಡು ಹಾಸಿದರು. 22 ಕೆಜಿಯ ನಾಯಿಗೆ ದಿನಕ್ಕೆ ಒಂದೂಕಾಲು ಲೀಟರ್ ಸಿಹಿನೀರು ಬೇಕು, ಬಿಸಿಲಿದ್ದರೆ ಅದರ ದುಪ್ಪಟ್ಟು. ಉಪ್ಪುನೀರು ನೆಕ್ಕದಂತೆ ಕಾಲು ತೊಳೆಯಲು ಬೇರೆ ನೀರು. ಆ ಲೆಕ್ಕ ಇಂಜಿನಿಯರ್ ಚೆನ್ನಾಗಿ ಇಟ್ಟಿದ್ದರು. ಮೆಡಿಟರೇನಿಯನ್ ಕಡೆ ಮರಳು ನೊಣದಿಂದ ಲೀಷ್ಮೇನಿಯಾ ರೋಗ ನಾಯಿಗಳಿಗೆ ಬರುತ್ತದೆ. ಅದಕ್ಕೆ ನೊಣ ತಡೆಯುವ ಪಟ್ಟಿ ಕೊರಳಿಗಿತ್ತು.

ಬಲೆ ಮಾತ್ರ ಒಂದು ಬದಿಗೆ ಕಟ್ಟಿದ್ದರು, ಇನ್ನೊಂದು ಬದಿಗೆ ನಾಳೆ ಅಂತ ಬಿಟ್ಟಿದ್ದರು. ಪ್ಯಾಕ್ಸೋಸ್ ದ್ವೀಪದಲ್ಲಿ ಲಂಗರು ಹಾಕಿ ನಿಂತಿದ್ದಾಗ ಕಡಲಹಕ್ಕಿಯೊಂದು ಕಂಬಿಯ ಮೇಲೆ ಕೂತು ಎದ್ದಿತು. ಚಂದ್ರಿ ಅದರ ಹಿಂದೆಯೇ ಹಾರಿದಳು. ದೋಣಿ ನಿಂತಿತ್ತು, ಜಾಕೆಟ್ ಇತ್ತು. ಕೊಕ್ಕೆಕೋಲನ್ನು ಹಿಡಿಕೆಗೆ ಸಿಕ್ಕಿಸಿ ಇಬ್ಬರೂ ಸೇರಿ ಎಳೆದುಕೊಂಡರು. ಓಡುವ ದೋಣಿಯಿಂದ ಹಾರಿದ್ದರೆ ಈ ಬರಹದ ರೂಪವೇ ಬೇರೆಯಾಗುತ್ತಿತ್ತು. ಅಂದೇ ಇನ್ನೊಂದು ಬದಿಗೂ ಬಲೆ ಬಿತ್ತು.

ಎದುರಿಗೆ ಕಾಣುವ ದೇಶ

ಜೂನ್ 2ಕ್ಕೆ ಅವರು ಕಾರ್ಫು ದ್ವೀಪದಲ್ಲಿದ್ದರು. ಅಲ್ಲಿಂದ ಕಿರಿದಾದ ಕಡಲಿನ ಆಚೆ ಅಲ್ಬೇನಿಯಾ ಬರಿಗಣ್ಣಿಗೆ ಕಾಣುತ್ತದೆ. ಸರಾಂಡಾ ಊರಿನ ದೀಪಗಳು ರಾತ್ರಿ ಹೊಳೆಯುತ್ತವೆ.

ಇಂಜಿನಿಯರ್‌ಗೆ ಅಂದು ಶೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ, 80ನೇ ದಿನ. ನಮ್ಮ ವೀಸಾದವರು ಯಾವುದೇ 180 ದಿನದಲ್ಲಿ 90ಕ್ಕಿಂತ ಹೆಚ್ಚು ದಿನ ಅಲ್ಲಿರುವಂತಿಲ್ಲ. ಟೀಚರ್ ಒಂದು ತಿಂಗಳು ತಡವಾಗಿ ಬಂದಿದ್ದರಿಂದ ಅವರದು 49ನೇ ದಿನ. ಅಲ್ಬೇನಿಯಾ ಶೆಂಗೆನ್ ಅಲ್ಲ. ಒಂದು ತಿಂಗಳು ಅಲ್ಲಿ ಕಳೆದು, ಉಳಿದ ದಿನಗಳಿಗೆ ವಾಪಸ್ ಬಂದು ದೋಣಿಯನ್ನು ಯಾರ್ಡ್‌ಗೆ ಸೇರಿಸುವುದು ಅವರ ಲೆಕ್ಕ. ಮನುಷ್ಯರ ಮಟ್ಟಿಗೆ ಸರಿಯಾದ ಲೆಕ್ಕವೇ.

ಆದರೆ ರೇಬೀಸ್ ವಿಷಯದಲ್ಲಿ ಒಕ್ಕೂಟ ಒಪ್ಪಿದ ದೇಶಗಳ ಪಟ್ಟಿಯಲ್ಲಿ ಅಲ್ಬೇನಿಯಾವೂ ಇಲ್ಲ. ಏಪ್ರಿಲ್‌ನ ಪ್ರಮಾಣಪತ್ರ 4 ತಿಂಗಳು ಒಕ್ಕೂಟದ ಒಳಗೆ ಓಡಾಡಲು ಸಾಕು. ಹೊರಗೆ ಕಾಲಿಟ್ಟು ಮತ್ತೆ ಬರಬೇಕೆಂದರೆ ಅಲ್ಲಿನ ಸರ್ಕಾರಿ ಪಶುವೈದ್ಯರಿಂದ ಹೊಸ ಪ್ರಮಾಣಪತ್ರ, ಪಟ್ಟಿಯಲ್ಲಿರುವ ಪ್ರವೇಶ ಸ್ಥಳ, ಎಲ್ಲ ಹೊಸದಾಗಿ ಬೇಕು. ಇದನ್ನು ನಾವು ಚಳಿಗಾಲದಲ್ಲೇ ನೋಡಬೇಕಿತ್ತು. ನಾನು ಚಂದ್ರಿಯ ತಾರೀಖುಗಳ ಪಟ್ಟಿ ಮಾಡಿದ್ದೆ, ಅವರು ವೀಸಾದ ಪಟ್ಟಿ ಮಾಡಿಕೊಂಡಿದ್ದರು. ಎರಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ದೊಡ್ಡ ಲೋಪ ಅನ್ನಿಸುವುದು ಇದೇ, ಆ ಎರಡು ಅಂಕಿಗಳಿಗಿಂತಲೂ.

ಪಕ್ಕದ ದೋಣಿಯವರು ಸಲಹೆ ಕೊಟ್ಟರಂತೆ: ಯಾರೂ ನೋಡುವುದಿಲ್ಲ, ನಾಯಿಯನ್ನು ಕ್ಯಾಬಿನ್ ಒಳಗೆ ಮಲಗಿಸಿ, ಬಾಗಿಲು ಹಾಕಿ, ಹೋಗಿ ಬನ್ನಿ. ಇಂಜಿನಿಯರ್‌ಗೆ ಸ್ವಲ್ಪ ಮನಸ್ಸಾಗಿತ್ತು. ಅವರು ನನಗೆ ಫೋನ್ ಮಾಡಿ "ಟೈಟರ್ ಇದೆ, ಲಸಿಕೆ ಇದೆ, ನಾಯಿ ದೋಣಿ ಬಿಟ್ಟು ಇಳಿಯೋದೇ ಇಲ್ಲ. ನೀವೇನಂತೀರಿ?" ಅಂದರು. ನಾನು ಉತ್ತರ ಕೊಡುವ ಮೊದಲೇ ಪಕ್ಕದಿಂದ ಟೀಚರ್ ಧ್ವನಿ ಬಂತು.

"ಅವರನ್ನ ಯಾಕ್ರೀ ಕೇಳ್ತೀರಿ? ಅವರು ಬೇಡ ಅಂತಾರೆ. ನಾನೂ ಬೇಡ ಅಂತೀನಿ. ಬಾಗಿಲು ಹಾಕಿ ಬಚ್ಚಿಡೋಕೆ ಇವಳನ್ನ ಇಷ್ಟು ದೂರ ತಂದಿಲ್ಲ."

ಟೀಚರ್ ಮತ್ತು ಚಂದ್ರಿ ಕಾರ್ಫುವಿನಲ್ಲೇ ರೂಮ್ ಮಾಡಿಕೊಂಡು ಇರೋದು, ಇಂಜಿನಿಯರ್ ಒಬ್ಬರೇ ದೋಣಿ ತೆಗೆದುಕೊಂಡು ಹೋಗೋದು ಅನ್ನುವ ಮಾತೂ ಬಂತು. ಒಬ್ಬರೇ ನಡೆಸುವುದು ಬೇಡ ಅಂತ ಟೀಚರ್ ಅದನ್ನೂ ತಳ್ಳಿಹಾಕಿದರು. ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದರು. ಎರಡು ದಿನದಲ್ಲಿ ಪ್ರೆವೆಜಾ. ದೋಣಿ ನೀರಿನಿಂದ ಮೇಲೆ ಬಂತು. ಮುಂದೆ ಕಟ್ಟಿದ್ದ ರೇವಿನ ಮುಂಗಡ ಹೋಯಿತು, ಒಂದೂವರೆ ತಿಂಗಳ ಯಾನ ಹೋಯಿತು. ಭಾರತಕ್ಕೆ ನಾಯಿ ತರಲೂ ಮುಂಗಡ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ಹೋಗುವಾಗಿನ ಕಾಗದಗಳ ನಕಲನ್ನು ಟೀಚರ್ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರಿಂದ ಅದಕ್ಕೆ ಅಲೆದಾಟ ಆಗಲಿಲ್ಲ. ಇಂಜಿನಿಯರ್‌ನ 88ನೇ ದಿನ ಮೂವರೂ ಒಟ್ಟಿಗೆ ಹೊರಟರು.

ಜೂನ್ ಕೊನೆಗೆ

ವಾಪಸ್ ಬಂದ ಮೇಲೆ ಚಂದ್ರಿಯನ್ನು ಪೂರ್ತಿ ನೋಡಿದೆ. ಒಂದೂವರೆ ಕೆಜಿ ಇಳಿದಿದ್ದಳು, ಬೇರೇನೂ ಇಲ್ಲ. ಲೀಷ್ಮೇನಿಯಾ ತಿಂಗಳುಗಟ್ಟಲೆ ಒಳಗೇ ಅಡಗಿರುತ್ತದೆ. ಹಾಗಾಗಿ ಈಗಿನ ಪರೀಕ್ಷೆ ಚೆನ್ನಾಗಿ ಬಂದರೂ ಆರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಬೇಕು ಅಂತ ಹೇಳಿದ್ದೇನೆ.

ಈಗ ಕ್ಲಿನಿಕ್‌ಗೆ ಮೊದಲ ಲಸಿಕೆಗೆ ಬರುವ ಪ್ರತಿ ಮರಿಯ ಮನೆಯವರಿಗೂ ಚಿಪ್ ಮೊದಲು ಹಾಕಿಸಿ ಅನ್ನುತ್ತೇನೆ. ಹೊರದೇಶಕ್ಕೆ ಹೋಗ್ತೀರಾ ಅಂತ ಕೇಳುವುದಿಲ್ಲ. ಚಂದ್ರಿ ಮರಿಯಾಗಿದ್ದಾಗ ಇವರನ್ನು ಕೇಳಿದ್ದರೂ ಇಲ್ಲ ಅಂತಲೇ ಅನ್ನುತ್ತಿದ್ದರು.

ಬರುವ ವರ್ಷ ಮತ್ತೆ ಹೋಗುತ್ತಾರೆ. ಈ ಸಲ ವೀಸಾ, ನಾಯಿ, ದೋಣಿ ಮೂರರ ತಾರೀಖುಗಳೂ ಒಂದೇ ಹಾಳೆಯಲ್ಲಿವೆ. ಚಂದ್ರಿಯ ಬೂಸ್ಟರ್ ಮಾರ್ಚ್ 5ರೊಳಗೆ ಆಗಬೇಕು. ಅಜ್ಜಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 20ಕ್ಕೆ ಕುಂಕುಮದಲ್ಲಿ ಬೊಟ್ಟು ಇಟ್ಟಿದ್ದಾರೆ. ವಾಪಸ್ ಬಂದ ಮೇಲಿನ ಆ ತಪಾಸಣೆಗೆ ಅವರೂ ಜೊತೆಯಲ್ಲಿ ಬಂದಿದ್ದರು.

"ಹಿತ್ತಲ ತುಂಬ ಹುಲ್ಲದೆ ಡಾಕ್ಟ್ರಪ್ಪಾ, ಆದ್ರೂ ಈಕೆ ಅಲ್ಲಿ ಕೂರಾಕ ಒಲ್ಲೆ ಅಂತಾಳ. ಬಾಗ್ಲಾಗ ನಿಂತು ಮುಖ ನೋಡ್ತಾಳ. ಕೊನಿಗೆ ಆ ನಾರಿನ ಮ್ಯಾಟ್ನ ನಾನೇ ಹುಲ್ಲಿನ ಮ್ಯಾಲೆ ಹಾಸೀನಿ" ಅಂದರು.